ಚಿಲುಮೆ: ನೀರಿನದೊಂದು, ಕೆಂಡದ್ದೊಂದು

ದೆಹಲಿಯ ರೋಹಿಣಿಯೊಳಗೆ ಉಳಿದುಕೊಂಡಿರುವ ರಿಠಾಲಾ ಹಳ್ಳಿಯಲ್ಲಿ ಅಜ್ಜ ಮೊಮ್ಮಗನಿಗೆ ‘ಚಿಲಂ ಭರ್ ಲಾ’ ಅಂದರೆ ಹುಡುಗ ಹುಕ್ಕಾವನ್ನು ಅಲುಗಿಸುವುದಿಲ್ಲ. ಅದರ ನೆತ್ತಿಯ ಮೇಲೆ ಕೂತ ಮಣ್ಣಿನ ಬಟ್ಟಲನ್ನಷ್ಟೇ ಎತ್ತಿಕೊಂಡು ಒಳಗೆ ಹೋಗುತ್ತಾನೆ, ತಂಬಾಕು ತುಂಬುತ್ತಾನೆ, ಮೇಲೆ ಕೆಂಡ ಹೇರಿ ತಂದು ಮತ್ತೆ ಕೂರಿಸುತ್ತಾನೆ. ಅಲ್ಲಿ ಆ ಬಟ್ಟಲೊಂದೇ ಚಿಲಂ. ಅದೇ ಮಾತು ನಮ್ಮಲ್ಲಿ ಚಿಲುಮೆ. ಉತ್ತರ ಕರ್ನಾಟಕಕ್ಕೆ ಹೋದರೆ ಚಿಲುಮಿ. ಆದರೆ ನಮ್ಮ ಕುರಿಗಾಹಿಯೊಬ್ಬ ಚಿಲುಮೆ ಅಂದರೆ ಮೇಲೆ ಅಗಲವಾಗಿ ಕೆಳಗೆ ಕಿರಿದಾಗುವ, ಮುಷ್ಟಿಯಲ್ಲಿ ಹಿಡಿಯುವಂಥ ಮಣ್ಣಿನ ನೇರ ಕೊಳವೆ. ನೀರಿನ ಬುಡ ಅದಕ್ಕಿಲ್ಲ, ಉದ್ದನೆಯ ನಳಿಕೆಯೂ ಇಲ್ಲ. ಸೇದುವ ಸಾಧನ ಅಷ್ಟೇ, ಅಷ್ಟಕ್ಕೇ ಪೂರ್ತಿ. ದೆಹಲಿಯಲ್ಲಿ ಒಂದು ಅಂಗಕ್ಕೆ ಇದ್ದ ಹೆಸರು ಕನ್ನಡದಲ್ಲಿ ಇಡೀ ಒಡಲಿನ ಹೆಸರಾಗಿದೆ. ದಾರಿಯಲ್ಲಿ ಹುಕ್ಕಾ ಎಲ್ಲಿ ಬಿದ್ದುಹೋಯಿತು? ಈ ಪದದ ಕತೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಪ್ರಶ್ನೆ ಇದು.

ರೋಹಿಣಿ ಹೊಸ ಊರು. ದೆಹಲಿ ಅಭಿವೃದ್ಧಿ ಪ್ರಾಧಿಕಾರ 1981ರ ವಸತಿ ಯೋಜನೆಯಿಂದ ಶುರುಮಾಡಿ ಹೊಲಗಳನ್ನು ಸೆಕ್ಟರುಗಳಾಗಿ ಗೆರೆ ಕೊಯ್ದು ಕಟ್ಟಿದ್ದು. 2004ರಲ್ಲಿ ಮೆಟ್ರೋ ರೈಲು ರಿಠಾಲಾದ ಬಾಗಿಲಿಗೆ ಬಂತು. ಆದರೆ ಹೊಲ ಹೋದರೂ ಹಳ್ಳಿಗಳು ಹೋಗಲಿಲ್ಲ. ರಿಠಾಲಾ, ನಾಹರ್‌ಪುರ, ಮಂಗೋಲ್‌ಪುರ ಕಲಾಂ, ಪೂಠ್ ಕಲಾಂ, ಬೇಗಂಪುರ ಇವೆಲ್ಲ ಅಪಾರ್ಟ್‌ಮೆಂಟುಗಳ ನಡುವೆ ತಮ್ಮ ಗಲ್ಲಿ, ಚೌಪಾಲು, ಹಗ್ಗದ ಮಂಚಗಳೊಂದಿಗೆ ಉಳಿದಿವೆ. ಮಾತು ಹರಿಯಾಣದ್ದು, ನಡೆನುಡಿಯೂ ಹರಿಯಾಣದ್ದೇ. ದೆಹಲಿಯ ಕನ್ನಡಿಗರು ಸೇರುವ ಕರ್ನಾಟಕ ಸಂಘ ಇರುವುದು ರಾಮಕೃಷ್ಣಪುರದಲ್ಲಿ. ರೋಹಿಣಿಯ ಕನ್ನಡಿಗನಿಗೆ ಅದು ಊರಿನ ಇನ್ನೊಂದು ತುದಿ. ಹಾಗಾಗಿ ಅವನ ಕಿವಿಗೆ ದಿನವೂ ಬೀಳುವುದು ಈ ಹಳ್ಳಿಯ ಮಾತು. ಆ ಮಾತಿನಲ್ಲಿ ಹುಕ್ಕಾಕ್ಕೆ ದೊಡ್ಡ ಜಾಗವಿದೆ. ಒಬ್ಬನನ್ನು ಸಮುದಾಯದಿಂದ ಹೊರಗಿಟ್ಟರೆ ಅವನ ‘ಹುಕ್ಕಾ-ಪಾನಿ ಬಂದ್’. ಇನ್ನೊಬ್ಬರ ಊಳಿಗಕ್ಕೆ ನಿಂತವನು ಅವರ ‘ಚಿಲಂ ತುಂಬುವವನು’.

ಆ ಬಟ್ಟಲನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ನಮ್ಮ ಕಣ್ಣಿಗೆ ಅದು ಮಣ್ಣಿನ ಒಂದು ಸಾಮಾನು. ಬಳಸುವವರಿಗೆ ಅಳೆದು ತೂಗಿದ ಒಲೆ. ಹುಕ್ಕಾಕ್ಕೆ ಹಾಕುವುದು ಒಣ ಎಲೆಯ ಪುಡಿಯಲ್ಲ. ತಂಬಾಕನ್ನು ಕುಟ್ಟಿ, ಬೆಲ್ಲ ಅಥವಾ ಕಾಕಂಬಿ ಬೆರೆಸಿ, ನಾದಿ, ಅದುಮಿ, ಮುದ್ದೆ ಮಾಡಿಟ್ಟಿದ್ದು. ಕೆಲವು ಕಾಲ ಹಾಗೇ ಇಟ್ಟರೆ ಹುಳಿತು ಘಾಟು ಇಳಿಯುತ್ತದೆ. ಇಂಥ ಹಸಿ ಮುದ್ದೆ ಬೀಡಿಯಂತೆ ತಾನೇ ಹೊತ್ತಿಕೊಂಡು ಉರಿಯುವುದಿಲ್ಲ, ಬೇರೆ ಕೆಂಡದ ಕಾವಿನಲ್ಲಿ ಬೇಯಬೇಕು. ಅದಕ್ಕಾಗಿ ಚಿಲಂನ ಬಾಯಿ ಅಗಲ. ತಳದ ತೂತಿನ ಮೇಲೆ ಒಂದು ಹರಳು ಇಡುತ್ತಾರೆ, ಅದಕ್ಕೆ ಗಿಟ್ಟಕ್ ಅನ್ನುತ್ತಾರೆ. ತಂಬಾಕು ಕೆಳಗೆ ಜಾರಬಾರದು, ಗಾಳಿ ಮಾತ್ರ ಹರಿಯಬೇಕು. ಅದರ ಮೇಲೆ ಮುದ್ದೆ, ಮುದ್ದೆಯ ಮೇಲೆ ತವಾ ಎಂಬ ಮಣ್ಣಿನ ಬಿಲ್ಲೆ, ಬಿಲ್ಲೆಯ ಮೇಲೆ ಬೆರಣಿಯ ಕೆಂಡ. ತವಾ ಇರುವುದರಿಂದ ಕೆಂಡ ತಂಬಾಕನ್ನು ಮುಟ್ಟಿ ಸುಟ್ಟುಬಿಡುವುದಿಲ್ಲ. ಮಣ್ಣು ಕಾವನ್ನು ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡುತ್ತದೆ. ಶ್ರೀಮಂತರ ಹುಕ್ಕಾದ ಬುಡ ಬೆಳ್ಳಿಯದಾಗಿದ್ದರೂ ಮೇಲಿನ ಬಟ್ಟಲು ಬಹುಮಟ್ಟಿಗೆ ಮಣ್ಣಿನದೇ ಆಗಿ ಉಳಿದದ್ದು ಈ ಗುಣದಿಂದ. ಯುರೋಪಿನವರ ಮರದ ಪೈಪಿನಲ್ಲೂ ಅಚ್ಚಿನಲ್ಲಿ ಒತ್ತಿದ ತಂಬಾಕನ್ನು ಸೇದುತ್ತಾರೆ. ಆದರೆ ಅದನ್ನು ಬೆರಳಲ್ಲಿ ಉಜ್ಜಿ ಬಿಡಿಸಿಕೊಂಡು, ಕಿರಿದಾದ ಬಟ್ಟಲಿಗೆ ತುಂಬಿ, ನೇರವಾಗಿ ಕಿಡಿ ಹಚ್ಚುತ್ತಾರೆ. ಅದು ಸುಡುವ ಪೈಪು, ಇದು ಬೇಯಿಸುವ ಪೈಪು.

ಪಶ್ಚಿಮ ದೆಹಲಿಯ ಉತ್ತಮ್ ನಗರ್ ಎಂಬಲ್ಲಿ ಕುಂಬಾರರದೇ ಒಂದು ದೊಡ್ಡ ಬಡಾವಣೆಯಿದೆ. ರಾಜಸ್ಥಾನ, ಹರಿಯಾಣಗಳಿಂದ ಬಂದು ನೆಲೆಸಿದ ಪ್ರಜಾಪತಿ ಕುಟುಂಬಗಳು ಅಲ್ಲಿ ತಿಗರಿ ತಿರುಗಿಸುತ್ತವೆ. ಮಡಕೆ, ಹಣತೆ, ಕುಲ್ಹಡ್‌ಗಳ ಸಾಲಿನಲ್ಲಿ ಚಿಲಂ ಕೂಡ ಕುಂಬಾರನ ಹಳೆಯ ಕಸುಬಿನ ಸಾಮಾನು. ತಿಗರಿಯ ಮೇಲೆ ಎದ್ದ ಮಣ್ಣಿನ ಗೋಪುರದ ತುದಿಯಲ್ಲಿ ಒಂದೊಂದನ್ನೇ ಎಳೆದು, ಕುತ್ತಿಗೆ ಹಿಸುಕಿ, ದಾರದಿಂದ ಕತ್ತರಿಸಿ ಇಳಿಸುವಂಥದ್ದು. ಆ ಕುತ್ತಿಗೆಯ ಅಳತೆ ತಪ್ಪಿದರೆ ಅದು ಯಾವ ಹುಕ್ಕಾದ ಮೇಲೂ ಕೂರುವುದಿಲ್ಲ.

ಚಿಲಂಗೆ ತುಂಬುವ ಆ ತಂಬಾಕಿನ ಮುದ್ದೆಯ ಹೆಸರು ಕನ್ನಡಕ್ಕೂ ಬಂದಿದೆ: ಗುಡಾಕು. ಗುಡ ಎಂದರೆ ಬೆಲ್ಲ. ತಮಾಕುವಿನ ಬಾಲವನ್ನು ಅದಕ್ಕೆ ಅಂಟಿಸಿ ಹಿಂದಿಯವರು ಗುಡಾಕೂ ಮಾಡಿಕೊಂಡರು. ಎರಡು ವಸ್ತು ಕಲಸಿದ ಹಾಗೆ ಎರಡು ಪದಗಳೂ ಕಲಸಿಕೊಂಡಿವೆ. ಕನ್ನಡದಲ್ಲಿ ಗುಡಾಕು ಎಂದರೆ ಹುಕ್ಕಾಕ್ಕೆ ಹಾಕುವ ಬೆಲ್ಲದ ತಂಬಾಕು ಎಂಬುದನ್ನು ಹಳಬರು ಬಲ್ಲರು. ಒಡಿಶಾ, ಛತ್ತೀಸಗಢಗಳಲ್ಲಿ ಇದೇ ಪದ ಬೇರೆ ಹಾದಿ ಹಿಡಿಯಿತು. ಅಲ್ಲಿ ಗುಡಾಖು ಎಂದರೆ ಹಲ್ಲು, ಒಸಡುಗಳಿಗೆ ತಿಕ್ಕುವ ತಂಬಾಕಿನ ಲೇಪ. ಬಾಯಿಯ ಕ್ಯಾನ್ಸರಿಗೆ ದಾರಿ ಮಾಡುವ ಆ ಚಟ ಬೆಳಗಿನ ಹಲ್ಲುಜ್ಜುವಿಕೆಯ ವೇಷದಲ್ಲಿ ಮನೆ ಸೇರಿಕೊಂಡಿದೆ ಎಂಬುದು ಎದೆ ಹಿಂಡುವ ಸಂಗತಿ.

ಇನ್ನು ಇತಿಹಾಸ. ಇಲ್ಲಿ ಕನ್ನಡ ನಾಡಿನವರು ತಲೆಯೆತ್ತಿ ನೋಡುವಂಥದ್ದೊಂದು ಇದೆ. ಉತ್ತರದ ಮೊಗಲ್ ಆಸ್ಥಾನಕ್ಕೆ ತಂಬಾಕು ಮತ್ತು ಅದನ್ನು ಸೇದುವ ಪೈಪು ಹೋದದ್ದು ನಮ್ಮ ಬಿಜಾಪುರದಿಂದ. ಅಕ್ಬರನ ದೂತನಾಗಿ ಅಸದ್ ಬೇಗ್ ಎಂಬ ಕಜ್ವೀನಿನ ಅಧಿಕಾರಿ ಇಬ್ರಾಹಿಂ ಎರಡನೆಯ ಆದಿಲ್ ಶಾಹನ ಬಳಿಗೆ ಬಂದಿದ್ದ. ಅಕ್ಬರನ ಮಗ ದಾನಿಯಾಲನಿಗೆ ಬಿಜಾಪುರದ ರಾಜಕುಮಾರಿಯನ್ನು ತರುವ ಮದುವೆಯ ಕೆಲಸ ಅದು. 1604ರ ಸುಮಾರಿಗೆ ಅವನು ಹಿಂದಿರುಗುವಾಗ ಜೊತೆಗೆ ತಂಬಾಕನ್ನು ಒಯ್ದ. ಉತ್ತರದಲ್ಲಿ ತಾನು ಅಂಥದ್ದನ್ನು ಕಂಡೇ ಇರಲಿಲ್ಲ ಎಂದು ತನ್ನ ವೃತ್ತಾಂತದಲ್ಲಿ ಬರೆದಿಟ್ಟಿದ್ದಾನೆ. ಅವನು ಮಾಡಿಸಿದ ಪೈಪಿನ ವರ್ಣನೆ ಓದಿದರೆ ಕಸುಬಿನ ಮೇಲೆ ಪ್ರೀತಿಯಿರುವ ಯಾರಿಗಾದರೂ ಕಣ್ಣರಳುತ್ತದೆ. ಸುಮಾತ್ರಾದ ಆಚೆಹ್‌ನಿಂದ ಬಂದ, ಮೂರು ಮೊಳದುದ್ದದ, ಚೆನ್ನಾಗಿ ಒಣಗಿ ಬಣ್ಣಗೊಂಡ ಕೊಳವೆ. ಅದರ ಎರಡೂ ತುದಿಗೆ ರತ್ನ ಮತ್ತು ಮೀನಾಕಾರಿ. ಬಾಯಿಗಿಡುವ ಕಡೆ ಯೆಮನ್ನಿನ ಕೆಂಪು ಅಕೀಕ್ ಕಲ್ಲಿನ ಮೊಟ್ಟೆಯಾಕಾರದ ತುಂಡು. ಹೊತ್ತಿಸುವುದಕ್ಕೆ ಚಿನ್ನದ ಸಾಧನ. ಆದಿಲ್ ಶಾಹ ಕೊಟ್ಟಿದ್ದ ಒಳ್ಳೆಯ ಕಸುಬಿನ ವೀಳ್ಯದ ಚೀಲದಲ್ಲಿ ತಂಬಾಕು ತುಂಬಿಟ್ಟಿದ್ದ. ಎಲ್ಲವನ್ನೂ ಬೆಳ್ಳಿಯ ತಟ್ಟೆಯಲ್ಲಿ ಜೋಡಿಸಿ ಅಕ್ಬರನ ಮುಂದಿಟ್ಟ.

ಅಕ್ಬರ್ ಇದೇನೆಂದು ಕೇಳಿದ. ಸರದಾರ ಖಾನ್-ಎ-ಆಜಂ ಅಜೀಜ್ ಕೋಕಾ, ಇದು ತಂಬಾಕು, ಮೆಕ್ಕಾ ಮದೀನಾಗಳಲ್ಲಿ ಎಲ್ಲರಿಗೂ ಗೊತ್ತು, ಔಷಧವೆಂದು ತಂದಿದ್ದಾನೆ ಎಂದ. ದೊರೆ ಎರಡು ಮೂರು ಸಲ ಸೇದಿದ. ವೈದ್ಯ ಅಡ್ಡ ಬಂದು ಬೇಡವೆಂದ. ನಮ್ಮ ಗ್ರಂಥಗಳಲ್ಲಿ ಇಲ್ಲದ ವಸ್ತುವನ್ನು ಒಪ್ಪುವುದು ಹೇಗೆಂದು ಆಸ್ಥಾನದಲ್ಲೇ ವಾದ ಹತ್ತಿಕೊಂಡಿತು. ಅಸದ್ ಬೇಗ್ ಉಳಿದ ತಂಬಾಕನ್ನು ಸರದಾರರಿಗೆ ಹಂಚಿದ, ಎಲ್ಲರೂ ಬೇಕೆಂದರು, ವ್ಯಾಪಾರಿಗಳು ಮಾರತೊಡಗಿದರು. 1617ರಲ್ಲಿ ಜಹಾಂಗೀರ್ ಅದನ್ನು ನಿಷೇಧಿಸಿ ಹುಕುಂ ಹೊರಡಿಸಿದ. ಅಷ್ಟು ಹೊತ್ತಿಗೆ ಕಾಲ ಮೀರಿತ್ತು. ಹುಕ್ಕಾವನ್ನು ಕಂಡುಹಿಡಿದದ್ದು ಅಕ್ಬರನ ವೈದ್ಯ ಹಕೀಂ ಅಬುಲ್ ಫತಹ್ ಗೀಲಾನಿ ಎಂದು ಬಹಳ ಕಡೆ ಬರೆಯುತ್ತಾರೆ. ಅವನು ತೀರಿಕೊಂಡದ್ದು 1589ರ ಸುಮಾರಿಗೆ, ಈ ಬೆಳ್ಳಿ ತಟ್ಟೆ ಅಕ್ಬರನ ಮುಂದೆ ಬರುವುದಕ್ಕೆ ಹತ್ತು ವರ್ಷಕ್ಕೂ ಹಿಂದೆ. ಆ ಕತೆಯನ್ನು ನಾನು ನಂಬಲಾರೆ.

ಅಸದ್ ಬೇಗನ ಪೈಪಿನಲ್ಲಿ ನೀರಿನ ಬುಡದ ಮಾತಿಲ್ಲ ಎಂಬುದನ್ನು ಗಮನಿಸಬೇಕು. ಅದು ಒಣ ಪೈಪು. ಪೋರ್ಚುಗೀಸರು 1510ರಲ್ಲಿ ಆದಿಲ್ ಶಾಹಿಗಳಿಂದ ಗೋವೆಯನ್ನು ಕಿತ್ತುಕೊಂಡು ಕೂತಿದ್ದರು. ಅಮೆರಿಕದ ಗಿಡ ಅವರ ಹಡಗುಗಳಲ್ಲಿ ಪಶ್ಚಿಮ ಕರಾವಳಿಗೆ ಬಂದು ಘಟ್ಟ ಹತ್ತಿತು. ಜೊತೆಗೆ ಅವರ ‘ತಬಾಕೊ’ ಎಂಬ ಹೆಸರೂ ಬಂತು. ಪರ್ಶಿಯನ್, ಹಿಂದೂಸ್ತಾನಿಗಳ ಬಾಯಲ್ಲಿ ತಂಬಾಕು, ತಮಾಕು ಆಗಿ ನಮ್ಮ ಉತ್ತರ ಭಾಗದಲ್ಲಿ ತಂಬಾಕ ಆಯಿತು. ದಕ್ಷಿಣದವರು ಆ ಹೆಸರಿಗೆ ಕಾಯಲಿಲ್ಲ. ಕಣ್ಣಿಗೆ ಕಂಡದ್ದನ್ನು ನೋಡಿ ಹೊಗೆಸೊಪ್ಪು ಎಂದರು. ತಮಿಳರು ಪುಗೈಯಿಲೈ, ತೆಲುಗರು ಪೊಗಾಕು, ಮಲಯಾಳಿಗಳು ಪುಗಯಿಲ ಅಂದರು. ನಾಲ್ಕೂ ಭಾಷೆಗಳು ಪರದೇಶದ ಗಿಡಕ್ಕೆ ಒಂದೇ ರೀತಿಯಲ್ಲಿ ಯೋಚಿಸಿ ಹೆಸರಿಟ್ಟದ್ದು ನನಗೆ ತುಂಬ ಹಿಡಿಸುವ ವಿಷಯ.

ಗಿಡಕ್ಕೆ ಸ್ವಂತ ಹೆಸರು ಕಟ್ಟಿಕೊಂಡ ಕನ್ನಡ, ಸೇದುವ ಸಾಧನಕ್ಕೆ ಮಾತ್ರ ಉತ್ತರದಿಂದ ಬಂದ ಪದವನ್ನು ಇಟ್ಟುಕೊಂಡಿತು. ಬಿಜಾಪುರದ ಪೈಪು ಆಗ್ರಾಕ್ಕೆ ಹೋಯಿತು, ಚಿಲಂ ಎಂಬ ಮಾತು ಸೈನ್ಯ, ಫಕೀರರು, ಬೈರಾಗಿಗಳು, ಲಮಾಣಿಗಳ ಜೊತೆ ದಕ್ಷಿಣಕ್ಕೆ ಬಂತು. ಪರ್ಶಿಯನ್ನಿನಲ್ಲೂ ಹಿಂದೂಸ್ತಾನಿಯಲ್ಲೂ ಇದ್ದ ಚಿಲಂ ಮರಾಠಿಯಲ್ಲಿ ಚಿಲೀಮ್ ಆಯಿತು, ತೆಲುಗಿನಲ್ಲಿ ಚಿಲುಮು, ಕನ್ನಡದಲ್ಲಿ ಚಿಲುಮಿ, ಚಿಲುಮೆ. ಕಲಮ್ ಎಂಬುದು ಕಲಮು ಆದ ಹಾಗೆ ಇದೂ ಚಿಲಮು ಆಗಿ ನಿಲ್ಲಬಹುದಿತ್ತು. ನಿಲ್ಲಲಿಲ್ಲ. ಏಕೆಂದರೆ ಕನ್ನಡದಲ್ಲಿ ಆಗಲೇ ಇನ್ನೊಂದು ಚಿಲುಮೆ ಇತ್ತು.

ಆ ಚಿಲುಮೆ ಅಪ್ಪಟ ದ್ರಾವಿಡ. ಬೇಸಿಗೆಯಲ್ಲಿ ಬತ್ತಿದ ಹೊಳೆಯ ಮರಳನ್ನು ಕೈಯಿಂದ ತೋಡಿದರೆ ಕೆಳಗಿನಿಂದ ನೀರು ಒಸರಿ ಗುಂಡಿ ತುಂಬುತ್ತದಲ್ಲ, ಅದು ಚಿಲುಮೆ. ಚಲಮೆ, ಚಿಲಿಮೆ ಎಂಬ ರೂಪಗಳೂ ಇವೆ. ತೆಲುಗಿನ ಚೆಲಮ ಇದರ ಒಡಹುಟ್ಟು. ಬರೋ ಮತ್ತು ಎಮೆನೋ ಅವರ ದ್ರಾವಿಡ ವ್ಯುತ್ಪತ್ತಿ ನಿಘಂಟು ಇವನ್ನು ಒಂದೇ ಬಳ್ಳಿಯಲ್ಲಿ ಕಟ್ಟಿದೆ. ವೇದಾವತಿಯ ಪಾತ್ರದಲ್ಲಿ, ಉತ್ತರ ಪಿನಾಕಿನಿಯ ಪಾತ್ರದಲ್ಲಿ ಹೆಂಗಸರು ಮರಳು ತೋಡಿ, ಕಲಕು ನೀರನ್ನು ಮೊದಲು ಚೆಲ್ಲಿ, ತಿಳಿ ಬರುವವರೆಗೆ ಕಾದು, ಚಿಪ್ಪಿನಲ್ಲೋ ಲೋಟದಲ್ಲೋ ಮೊಗೆದು ಕೊಡ ತುಂಬಿಸುತ್ತಿದ್ದ ನೀರು ಅದು. ತುಮಕೂರಿನ ದೇವರಾಯನದುರ್ಗದ ಕಾಡಿನಲ್ಲಿ ನಾಮದ ಚಿಲುಮೆ ಇದೆ. ಹಣೆಗೆ ನಾಮ ತೇಯಲು ನೀರಿಲ್ಲದೆ ರಾಮ ಬಂಡೆಗೆ ಬಾಣ ಬಿಟ್ಟನೆಂದೂ ಆ ತೂತಿನಿಂದ ನೀರು ಚಿಮ್ಮಿತೆಂದೂ ಕತೆ. ಇವತ್ತಿಗೂ ಅಲ್ಲಿ ನೀರಿದೆ. ಮರಳ ಗುಂಡಿಯ ಈ ನೀರಿನಿಂದಲೇ ಮುಂದೆ ‘ಉತ್ಸಾಹದ ಚಿಲುಮೆ’ ಎಂಬ ಮಾತು ಹುಟ್ಟಿತು. ಮೊಗೆದಷ್ಟೂ ಮತ್ತೆ ಒಸರುವುದು ಉತ್ಸಾಹದ ಗುಣ ತಾನೆ.

ಹೊಸದಾಗಿ ಬಂದ ಚಿಲಂ ಈ ಹಳೆಯ ಪದದ ಅಚ್ಚಿಗೆ ಇಳಿಯಿತು ಎಂಬುದು ನನ್ನ ಎಣಿಕೆ. ಅನ್ಯಭಾಷೆಯ ಪದ ಕಿವಿಗೆ ಬಿದ್ದಾಗ ಜನ ಅದನ್ನು ತಮ್ಮಲ್ಲಿ ಆಗಲೇ ಇರುವ ಸದ್ದಿನ ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ. ಇಲ್ಲಿ ಸದ್ದಿನ ಜೊತೆ ರೂಪವೂ ಹೊಂದಿತು. ಎರಡೂ ನೆಲದ ವಸ್ತು, ಎರಡಕ್ಕೂ ಅಗಲ ಬಾಯಿ ಕಿರಿದು ತಳ, ಎರಡರಲ್ಲೂ ಒಳಗಿರುವುದನ್ನು ಹೊರಕ್ಕೆ ಎಳೆದುಕೊಳ್ಳಬೇಕು. ಕ್ರಿಯಾಪದವನ್ನು ನೋಡಿದರೆ ನಂಟು ಇನ್ನೂ ಬಿಗಿಯಾಗುತ್ತದೆ. ಹಿಂದಿಯಲ್ಲಿ ಹುಕ್ಕಾವನ್ನು ‘ಕುಡಿಯುತ್ತಾರೆ’. ಕನ್ನಡದಲ್ಲಿ ಚಿಲುಮೆಯನ್ನು ಸೇದುತ್ತಾರೆ. ಬಾವಿಯಿಂದ ನೀರನ್ನೂ ಸೇದುತ್ತಾರೆ. ಹಗ್ಗ ಹಾಕಿ ಬಾವಿಯ ಆಳದಿಂದ ಎತ್ತುವುದಕ್ಕೆ ಇದ್ದ ಮಾತನ್ನು ಉಸಿರು ಹಾಕಿ ಹೊಗೆಯನ್ನು ಎಳೆಯುವುದಕ್ಕೆ ಕೊಟ್ಟ ಆ ಮೊದಲ ಕನ್ನಡಿಗ ಯಾರೋ, ಅವನಿಗೆ ಭಾಷೆಯ ಮೇಲೆ ಅಪಾರ ಹಿಡಿತವಿತ್ತು. ಹೆಸರು ಹೊರಗಿನದಾದರೂ ಸೇದುವ ಕೆಲಸ ಕನ್ನಡದ್ದಾಯಿತು. ಉತ್ತರ ಕರ್ನಾಟಕದಲ್ಲಿ ಮರಳ ನೀರಿಗೆ ಹೆಚ್ಚಾಗಿ ವರತಿ ಎನ್ನುವುದರಿಂದ ಅಲ್ಲಿ ಚಿಲುಮಿ ಅಂದರೆ ತಂಬಾಕೇ ನೆನಪಾಗುತ್ತದೆ. ತುಮಕೂರು, ಚಿತ್ರದುರ್ಗದ ಕಡೆ ಎರಡೂ ಒಂದೇ ಬಾಯಲ್ಲಿ ಬದುಕಿದವು, ಯಾರಿಗೂ ಗೊಂದಲವಾಗಲಿಲ್ಲ.

ಈಗ ಹುಕ್ಕಾ ಬಿದ್ದುಹೋದ ಪ್ರಶ್ನೆಗೆ ಬರುತ್ತೇನೆ. ಉತ್ತರದ ಒಂದು ಸುಳಿವು ರೋಹಿಣಿಯ ಸೀಮೆಯಲ್ಲೇ ಇದೆ. 1881ರಲ್ಲಿ ದೆಹಲಿ ಪಂಜಾಬ್ ಪ್ರಾಂತ್ಯಕ್ಕೆ ಸೇರಿತ್ತು. ಆ ವರ್ಷದ ಪಂಜಾಬಿನ ಜನಗಣತಿಯನ್ನು ನಡೆಸಿ ವರದಿ ಬರೆದ ಡೆಂಜಿಲ್ ಇಬ್ಬೆಟ್‌ಸನ್ ಹುಕ್ಕಾದ ಬಗ್ಗೆ ಬಹಳ ಸೂಕ್ಷ್ಮವಾದ ಟಿಪ್ಪಣಿ ಮಾಡಿದ್ದಾನೆ. ಹೊಲದಲ್ಲಿ ಕೆಲಸ ಮಾಡುವಾಗ ಬದುವಿನ ಮೇಲೆ ಬಿಟ್ಟ ಹುಕ್ಕಾ ಯಾರದೆಂದು ತಿಳಿಯಲು ನಳಿಕೆಗೆ ಗುರುತು ಕಟ್ಟುತ್ತಿದ್ದರಂತೆ: ಮುಸಲ್ಮಾನನದಾದರೆ ನೀಲಿ ಬಟ್ಟೆ, ಹಿಂದೂವಿನದಾದರೆ ಕೆಂಪು, ಚಮ್ಮಾರನದಾದರೆ ತೊಗಲು, ಜಾಡಮಾಲಿಯದಾದರೆ ದಾರ. ದಾರಿಹೋಕ ತಪ್ಪಿ ಬೇರೆ ಜಾತಿಯ ಹುಕ್ಕಾಕ್ಕೆ ಬಾಯಿ ಹಾಕಿ ಮೈಲಿಗೆಯಾಗಬಾರದು ಎಂದು. ಒಂದೇ ನಳಿಕೆಗೆ ಹತ್ತು ಬಾಯಿ ತಾಗುವ ಸಾಧನವಾದ್ದರಿಂದ ಹುಕ್ಕಾ ಒಂದು ಜಾತಿಯೊಳಗಿನ ಕಟ್ಟಾಯಿತು. ಹುಕ್ಕಾ-ಪಾನಿ ಬಂದ್ ಎಂಬ ಮಾತಿನ ಕಾಠಿಣ್ಯ ಬಂದದ್ದು ಅಲ್ಲಿಂದ.

ಚಿಲಂಗೆ ಆ ಕಟ್ಟಿಲ್ಲ. ಬಟ್ಟಲನ್ನೊಂದೇ ಎತ್ತಿಕೊಂಡು, ಬುಡವನ್ನು ಎರಡು ಅಂಗೈ ನಡುವೆ ಹಿಡಿದು, ಹೆಬ್ಬೆರಳಿನ ಸಂದಿನಿಂದ ಎಳೆದರೆ ತುಟಿ ಮಣ್ಣಿಗೆ ತಾಗುವುದೇ ಇಲ್ಲ. ಬುಡಕ್ಕೆ ಒದ್ದೆ ಬಟ್ಟೆಯ ತುಂಡು ಸುತ್ತುತ್ತಾರೆ. ಹಿಂದಿಯಲ್ಲಿ ಅದು ಸಾಫಿ, ಮರಾಠಿಯಲ್ಲಿ ಛಾಪಿ. ಹೊಗೆ ತಣ್ಣಗಾಗಲಿ, ಬೂದಿ ಬಾಯಿಗೆ ಬರದಿರಲಿ ಎಂಬುದಕ್ಕೆ ಅದು. ಆದರೆ ಅದೇ ಬಟ್ಟೆಯಿಂದ ಇನ್ನೊಂದು ಅನುಕೂಲವೂ ಆಯಿತು. ಎಲ್ಲಿಂದಲೋ ಬಂದವರು ಒಂದೇ ಚಿಲುಮೆಯನ್ನು ಸುತ್ತು ಕೊಟ್ಟು ಸೇದಬಹುದಾಯಿತು. ಮನೆ, ಮಂಚ, ಆಳು, ನೀರು ಇಷ್ಟು ಇದ್ದರೆ ಹುಕ್ಕಾ. ದಾರಿ ನಡೆಯುವವನಿಗೆ ಅವೊಂದೂ ಇಲ್ಲ. ಸಿಪಾಯಿ, ಬೈರಾಗಿ, ಗೋಣಿ ಹೇರಿದ ಎತ್ತಿನ ಹಿಂದೆ ನಡೆದ ಲಮಾಣಿ, ಆರು ತಿಂಗಳು ಹಟ್ಟಿ ಬಿಟ್ಟಿರುವ ಕುರುಬ ಇವರೆಲ್ಲ ಹೊತ್ತುಕೊಂಡು ನಡೆಯಬಹುದಾದದ್ದು ನೆತ್ತಿಯ ಬಟ್ಟಲೊಂದನ್ನೇ. ಕುಂಬಾರನೂ ಅವರಿಗಾಗಿ ಅದನ್ನು ಬದಲಿಸಿದ: ಬಾಯಿ ಕಿರಿದು ಮಾಡಿ, ಕುತ್ತಿಗೆ ಉದ್ದ ಎಳೆದು, ನೇರ ಕೊಳವೆ ಮಾಡಿದ. ಒದ್ದೆ ಗುಡಾಕಿನ ಜಾಗದಲ್ಲಿ ಒಣ ಹೊಗೆಸೊಪ್ಪಿನ ತುಣುಕು ಬಂತು. ಮೇಲೊಂದು ಕಿಡಿ ಇಟ್ಟರೆ ಸಾಕಾಯಿತು. ತವಾ ಹೋಯಿತು, ತಳದ ಹರಳು ಮಾತ್ರ ಉಳಿಯಿತು. ಹೀಗೆ ಹುಕ್ಕಾ ಅರಮನೆ, ಚಾವಡಿಗಳಲ್ಲಿ ನಿಂತಿತು. ಅದರ ತಲೆ ಮಾತ್ರ ದಾರಿ ಹಿಡಿದು ನಡೆಯಿತು. ಹೆಸರು ನಡೆಯುವವರ ಜೊತೆ ಹೋಯಿತು. ಇಂಗ್ಲಿಷರಿಗೂ ಇದೇ ಅನುಭವ. 1886ರ ಹಾಬ್ಸನ್-ಜಾಬ್ಸನ್ ಎಂಬ ಆಂಗ್ಲೋ-ಇಂಡಿಯನ್ ಪದಕೋಶ ಚಿಲ್ಲಂ ಎಂದರೆ ಹುಕ್ಕಾದಲ್ಲಿ ತಂಬಾಕು, ಕೆಂಡ ಇಡುವ ಭಾಗ ಎಂದು ಹೇಳಿ, ಸಡಿಲವಾಗಿ ಇಡೀ ಪೈಪಿಗೂ ಅದೇ ಹೆಸರು ಸಲ್ಲುತ್ತದೆ ಎಂದು ಸೇರಿಸುತ್ತದೆ.

ನಿಂತ ಹುಕ್ಕಾದ ವೈಭವ ನೋಡಬೇಕಾದರೆ ಬೀದರಿಗೆ ಹೋಗಬೇಕು. ಸತುವಿಗೆ ತಾಮ್ರ ಸೇರಿಸಿ ಎರಕ ಹೊಯ್ದು, ಬೆಳ್ಳಿ ತಂತಿ ಕೂರಿಸಿ, ಕೋಟೆಯ ಹಳೆಯ ಮಣ್ಣು ಹಚ್ಚಿ ಕಪ್ಪು ತರಿಸುವ ಬಿದ್ರಿ ಕೆಲಸದ ಅತ್ಯುತ್ತಮ ವಸ್ತುಗಳಲ್ಲಿ ಹುಕ್ಕಾದ ಬುಡಗಳು ಸೇರಿವೆ. ಹದಿನೇಳನೆಯ ಶತಮಾನದವು ಗುಂಡಗೆ, ಉರುಳದಂತೆ ಕೆಳಗೊಂದು ಬಳೆ ಬೇಕಿತ್ತು. ಆಮೇಲೆ ಘಂಟೆಯಾಕಾರದವು ಬಂದವು. ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದಲ್ಲಿ ಇಂಥವನ್ನು ಕಾಪಾಡಿಟ್ಟಿದ್ದಾರೆ. ಬುಡಗಳು ಉಳಿದವು. ಅವುಗಳ ಮೇಲೆ ಕೂತಿದ್ದ ಮಣ್ಣಿನ ಚಿಲಂಗಳು ಒಡೆದು ಹೋದವು. ಮ್ಯೂಸಿಯಮ್ಮಿನ ಗಾಜಿನ ಹಿಂದೆ ನಿಂತಿರುವುದು ತಲೆಯಿಲ್ಲದ ಹುಕ್ಕಾ.

ಚಿಲುಮೆಯ ಸುತ್ತ ಕನ್ನಡದಲ್ಲಿ ಒಂದು ಸಣ್ಣ ಪದಪರಿವಾರವೇ ಬೆಳೆದಿತ್ತು. ಗುಡುಗುಡಿ ಎಂಬುದು ಹುಕ್ಕಾಕ್ಕೆ ಅದರ ನೀರಿನ ಸದ್ದಿನಿಂದ ಬಂದ ಹೆಸರು. ತತ್ವಪದ ಹಾಡುವವರು ಅದನ್ನು ದೇಹಕ್ಕೂ ಉಸಿರಿಗೂ ರೂಪಕ ಮಾಡಿಕೊಂಡರು. ದಮ್ಮು ಎಳೆ ಎಂಬಲ್ಲಿನ ದಮ್ಮು ಪರ್ಶಿಯನ್ನಿನ ದಮ್, ಅಂದರೆ ಉಸಿರು. ಈಗ ಅದು ತಾಕತ್ತಿಗೆ ಹೆಸರಾಗಿದೆ. ಪಾಶ್ಚಾತ್ಯರ ಬಾಗಿದ ಪೈಪಿಗೆ ಚುಂಗಾಣಿ ಎಂಬ ಚೆಂದದ ಮಾತಿತ್ತು, ತಮಿಳಿನ ಸುಂಗಾನ್‌ನ ನಂಟ. ಅದನ್ನು ಕಳೆದುಕೊಂಡು ಬರಿಯ ಪೈಪು ಇಟ್ಟುಕೊಂಡಿದ್ದೇವೆ. ಎಲ್ಲಕ್ಕಿಂತ ದೂರ ಹೋದದ್ದು ಚಕಮಕಿ. ತುರ್ಕಿ ಭಾಷೆಯ ಚಕ್ಮಕ್, ಬಡಿದು ಕಿಡಿ ಹೊರಡಿಸುವುದು. ಕುರುಬನ ಚಂಚಿಯಲ್ಲಿ ಹೊಗೆಸೊಪ್ಪು, ಚಿಲುಮೆಯ ಜೊತೆ ಬೆಣಚುಕಲ್ಲು, ಉಕ್ಕಿನ ತುಂಡು, ಕಿಡಿ ಹಿಡಿಯುವ ಅರಳೆ ಇರುತ್ತಿದ್ದವು. ಬೆಂಕಿಪೊಟ್ಟಣ ಬಂದ ಮೇಲೆ ಕಲ್ಲು ಹೋಯ್ತು, ಮಾತು ಉಳಿಯಿತು. ಇವತ್ತು ವಿಧಾನಸಭೆಯಲ್ಲಿ ‘ಮಾತಿನ ಚಕಮಕಿ’ ನಡೆಯಿತೆಂದು ಪತ್ರಿಕೆಯಲ್ಲಿ ಓದುವವರು ಒಬ್ಬ ಕುರಿಗಾಹಿ ಗಾಳಿಗೆ ಬೆನ್ನು ಕೊಟ್ಟು ಕೂತು ಕಿಡಿ ಹೊಡೆಯುತ್ತಿದ್ದ ಸದ್ದನ್ನೇ ಓದುತ್ತಿದ್ದಾರೆ.

ಚಿಲುಮೆಯನ್ನು ನಮ್ಮ ಊರುಗಳಿಂದ ಓಡಿಸಿದ್ದು ಬೀಡಿ. ತೂಬರೆ ಎಲೆಯಲ್ಲಿ ಸುತ್ತಿದ ಅದಕ್ಕೆ ಮಣ್ಣು ಬೇಡ, ಹರಳು ಬೇಡ, ಬಟ್ಟೆ ಬೇಡ. ಒಂದು ಸಲ ಸೇದಿ ಎಸೆದರಾಯಿತು, ಯಾರ ಎಂಜಲಿನ ಯೋಚನೆಯೂ ಇಲ್ಲ. ನಿಪ್ಪಾಣಿಯ ಹೊಲಗಳು ಬೀಡಿ ತಂಬಾಕಿನ ಹೊಲಗಳಾದವು; ಬೆಲೆಗಾಗಿ 1981ರಲ್ಲಿ ಅಲ್ಲಿನ ರೈತರು ಹೆದ್ದಾರಿಯಲ್ಲೇ ಕೂತು ಚಳವಳಿ ಹೂಡಿದರು. ಹುಣಸೂರು, ಪಿರಿಯಾಪಟ್ಟಣಗಳ ಕಡೆ ಸಿಗರೇಟಿನ ಹೊಗೆಸೊಪ್ಪು ಬಂತು. ಅಲ್ಲಿನ ರೈತರು ಸಸಿ ನೆಡುವುದು ಕೃತ್ತಿಕೆ, ರೋಹಿಣಿ ಮಳೆಗಳ ಆಸುಪಾಸಿನಲ್ಲಿ. ರೋಹಿಣಿ ಎಂದರೆ ದೆಹಲಿಯವನಿಗೆ ಮೆಟ್ರೋ ನಿಲ್ದಾಣ. ಹುಣಸೂರಿನವನಿಗೆ ಹೊಗೆಸೊಪ್ಪಿನ ಹೊಲಕ್ಕೆ ಬೀಳುವ ಮಳೆ.

ಬೀಡಿ ಬಂದ ಮೇಲೆ ಚಿಲುಮೆ ಬೈರಾಗಿಗಳ ಕೈಯಲ್ಲಿ ಉಳಿಯಿತು, ಅದರಲ್ಲಿ ಹೊಗೆಸೊಪ್ಪಿನ ಬದಲು ಗಾಂಜಾ ಉಳಿಯಿತು. 1845ರಿಂದ ಜಮೈಕಾಕ್ಕೆ ಹೋದ ಭಾರತೀಯ ಕೂಲಿಗಳು ಗಾಂಜಾ ಎಂಬ ಮಾತಿನ ಜೊತೆ ಚಿಲ್ಲಂ ಎಂಬ ಮಾತನ್ನೂ ಅಲ್ಲಿಗೆ ಮುಟ್ಟಿಸಿದರು. 1960ರ ದಶಕದ ಕೊನೆಯಿಂದ ಹಿಪ್ಪಿಗಳು ಗೋವಾ, ಗೋಕರ್ಣ, ಹಂಪಿಗಳಲ್ಲಿ ಅದನ್ನು ಕಲಿತು ಯುರೋಪಿಗೆ ಒಯ್ದರು. ಇಟಲಿಯಲ್ಲಿ ನಯವಾದ ಮಣ್ಣಿನ ಚಿಲ್ಲಂಗಳನ್ನು ಕೈಯಿಂದಲೇ ತಿದ್ದಿ ಮಾಡುವ ಕಸುಬುದಾರರು ಹುಟ್ಟಿಕೊಂಡರು. ನಮ್ಮ ಕುಂಬಾರ ಬಿಟ್ಟ ಕೆಲಸವನ್ನು ದೂರದ ಇನ್ನೊಬ್ಬ ಕುಂಬಾರ ಎತ್ತಿಕೊಂಡ. ಆದರೆ ಇಲ್ಲಿ ಆ ಪದಕ್ಕೆ ಕಳಂಕ ಅಂಟಿತು. ನನ್ನ ಪ್ರಾಯದವರ ಮನೆಗಳಲ್ಲಿ ಚಿಲುಮೆ ಸೇದುವವನು ಅಂದರೆ ಕೆಟ್ಟವನು. ಅದೇ ಮನೆಯ ಮುತ್ತಜ್ಜ ಜಗಲಿಯಲ್ಲಿ ಕೂತು ಸೇದುತ್ತಿದ್ದದ್ದು ಶುದ್ಧ ಹೊಗೆಸೊಪ್ಪು ಎಂಬುದು ಮರೆತೇ ಹೋಯಿತು.

ವಸ್ತುವಿನ ಮೇಲಿನ ನನ್ನ ಪ್ರೀತಿಯನ್ನು ಹೊಗೆಯ ಮೇಲಿನ ಪ್ರೀತಿ ಎಂದು ಯಾರೂ ತಿಳಿಯಬಾರದು. ಹುಕ್ಕಾದ ನೀರು ಹೊಗೆಯನ್ನು ತೊಳೆಯುತ್ತದೆಂಬ ನಂಬಿಕೆ ಸುಳ್ಳು. ಒಂದು ಸಲ ಕೂತು ಹುಕ್ಕಾ ಸೇದುವವನು ನೂರು ಸಿಗರೇಟಿನಷ್ಟು ಹೊಗೆಯನ್ನು ಒಳಗೆಳೆಯಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನ ತಂಡ 2005ರಲ್ಲೇ ಎಚ್ಚರಿಸಿದೆ. ಬೆಂಗಳೂರಿನ ಹುಕ್ಕಾ ಬಾರುಗಳಲ್ಲಿ ಹಣ್ಣಿನ ಪರಿಮಳ ಸೇರಿಸಿ ಎಳೆಯರಿಗೆ ಕೊಡುತ್ತಿದ್ದದ್ದೂ ಅದೇ ಬೆಲ್ಲದ ತಂಬಾಕಿನ ಹೊಸ ರೂಪ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹುಕ್ಕಾದ ಮಾರಾಟ, ಸೇವನೆಗಳನ್ನು ನಿಷೇಧಿಸಿದ್ದು ಸರಿಯಾದ ಕೆಲಸ. ಅಷ್ಟು ಚರ್ಚೆಯಾದರೂ ಚಿಲುಮೆ ಎಂಬ ಪದ ಯಾರ ಬಾಯಿಗೂ ಬರಲಿಲ್ಲ. ಗುಡುಗುಡಿಯೂ ಬರಲಿಲ್ಲ. ಎಲ್ಲ ಕಡೆ ಹುಕ್ಕಾ, ಶೀಶಾ. ಇವತ್ತಿನ ಶಾಲೆಯ ಮಕ್ಕಳಿಗೆ ಚಿಲುಮೆ ಎಂದರೆ ನೀರು ಮಾತ್ರ. ಬಂದು ಸೇರಿಕೊಂಡ ಪದ ಮುನ್ನೂರು ನಾನ್ನೂರು ವರ್ಷ ಮನೆಯಲ್ಲಿದ್ದು ಹೊರಟು ನಿಂತಿದೆ. ಮೊದಲಿನಿಂದ ಇದ್ದ ಪದ ತನ್ನ ಜಾಗದಲ್ಲಿದೆ.

ಸೇದುವುದು ನಿಲ್ಲಲಿ. ಆದರೆ ಮಾಡುತ್ತಿದ್ದ ಕೈಗಳ ಮಾತು ನಮಗೆ ಸಿಗದೆ ಹೋಗಬಾರದು. ಚಿಲಂನ ಒಂದೊಂದು ಅಂಗಕ್ಕೂ ಹರಿಯಾಣದ ಹಳ್ಳಿಯಲ್ಲಿ ಹೆಸರು ಕೇಳಿದರೆ ಇವತ್ತೂ ಸಿಗುತ್ತದೆ. ಗಿಟ್ಟಕ್, ತವಾ, ಸಾಫಿ ಎಂದು ಹುಡುಗರೂ ಹೇಳುತ್ತಾರೆ. ನಮ್ಮ ನಿಘಂಟುಗಳಲ್ಲಿ ಚಿಲುಮೆ ಎಂಬ ಒಂದು ಪದ, ಅದಕ್ಕೊಂದು ಸಾಲಿನ ಅರ್ಥ. ಕೊಪ್ಪಳದಲ್ಲೋ ಚಳ್ಳಕೆರೆಯಲ್ಲೋ ಸಂತೆಗೆ ಚಿಲುಮೆ ಮಾಡಿ ಒಯ್ದಿದ್ದ ಮುದಿ ಕುಂಬಾರರು ಈಗಲೂ ಇದ್ದಾರು. ಜಾನಪದ ವಿಶ್ವವಿದ್ಯಾಲಯದ ಹುಡುಗರು ಅವರ ಬಳಿ ಹೋಗಿ ಕೂರಲಿ. ತಳದಲ್ಲಿ ಇಡುವ ಹರಳಿಗೆ ಏನಂತಾರೆ, ಬುಡಕ್ಕೆ ಸುತ್ತುವ ಬಟ್ಟೆಗೆ ಏನಂತಾರೆ, ಕುತ್ತಿಗೆ ಎಳೆಯಲು ಎಂಥ ಕಡ್ಡಿ ಬಳಸುತ್ತಿದ್ದರು, ಒಂದು ಭಟ್ಟಿಗೆ ಎಷ್ಟು ಇಡುತ್ತಿದ್ದರು, ಕೊಳ್ಳುವವರು ಒಳ್ಳೆಯದನ್ನು ಬೆರಳಿಂದ ಬಡಿದು ಆರಿಸುತ್ತಿದ್ದರೋ ಊದಿ ನೋಡಿ ಆರಿಸುತ್ತಿದ್ದರೋ ಎಂದು ಕೇಳಿ ಬರೆದುಕೊಳ್ಳಲಿ.